ಗಾಡಿಗೆ ಹೊಡೆಯುವ ಬಣ್ಣ, ಎನ್‌ಸಿ ಥಿನ್ನರ್ ಮಾದರಿ ಕಾರಿನ ಹತ್ತಿರ ತರಬೇಡಿ

ಪ್ಲಾಸ್ಟಿಕ್ ತುಂಡುಗಳನ್ನು ಜೋಡಿಸಿ ಬಣ್ಣ ಹಚ್ಚಿ ಮಾಡುವ ಮಾದರಿ ಕಾರಿನ ಕಿಟ್ಟೊಂದನ್ನು ಹನ್ನೊಂದು ವರ್ಷ ಕಪಾಟಿನಲ್ಲಿ ಜೋಪಾನ ಮಾಡಿದ್ದೆ. ಅದನ್ನು ಕಳೆದ ಆಗಸ್ಟಿನ ಒಂದು ಭಾನುವಾರ ಅರ್ಧ ತಾಸಿನೊಳಗೆ ಹಾಳು ಮಾಡಿಕೊಂಡೆ. ಬಣ್ಣ ಕೆಟ್ಟಿದ್ದರೆ ತೆಗೆದು ಮತ್ತೆ ಹಚ್ಚಬಹುದಿತ್ತು. ಕೆಟ್ಟದ್ದು ಬಣ್ಣವಲ್ಲ, ಕಾರಿನ ಮೈಯೇ ಕರಗಿಹೋಯಿತು. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಈ ಹವ್ಯಾಸ ಹಿಡಿದ ಹುಡುಗರು ಈಗೀಗ ಹೆಚ್ಚುತ್ತಿದ್ದಾರೆ. ಸರಿಯಾದ ಬಣ್ಣ ಊರಲ್ಲಿ ಸಿಗದಾಗ ಅವರೂ ನನ್ನ ಹಾಗೆಯೇ ಗಾಡಿ ಬಣ್ಣದ ಅಂಗಡಿಗೆ ಹೋಗುತ್ತಾರೆ ಅಂತ ನನಗೆ ಗೊತ್ತು. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಕಿಟ್ ಜಪಾನಿನ ಟಾಮಿಯಾ ಕಂಪನಿಯದ್ದು, 1/24 ಅಳತೆಯ (ಅಂದರೆ ನಿಜವಾದ ಕಾರಿನ ಇಪ್ಪತ್ತನಾಲ್ಕನೇ ಒಂದು ಪಾಲು) 1966ರ ಫೋಕ್ಸ್‌ವ್ಯಾಗನ್ ಬೀಟಲ್. ಪುಣೆಯಲ್ಲಿದ್ದ ಸೋದರಮಾವ ಕೊಟ್ಟದ್ದು. ಮಾವ ಈಗ ಇಲ್ಲ. ನಾಲ್ಕು ಮೀಟರಿಗೆ ತುಸು ಮಿಕ್ಕಿದ ಕಾರು ಈ ಅಳತೆಯಲ್ಲಿ ಹದಿನೇಳು ಸೆಂಟಿಮೀಟರ್ ಆಗಿ ಅಂಗೈ ಮೇಲೆ ಕೂರುತ್ತದೆ. ಬೀಟಲ್‌ಗೆ ಚಪ್ಪಟೆ ಜಾಗ ಅನ್ನುವುದೇ ಕಡಿಮೆ, ಮೈಯೆಲ್ಲ ಗುಂಡಗೆ. ಬಣ್ಣ ಚಲೋ ಕೂತರೆ ಬೆಳಕು ಅದರ ಮೇಲೆ ಜಾರಿಕೊಂಡು ಹೋಗುತ್ತದೆ, ಕೆಟ್ಟರೆ ಮರೆಮಾಡಲು ಒಂದು ಮೂಲೆಯೂ ಸಿಗುವುದಿಲ್ಲ. ಅದಕ್ಕೇ ಇಷ್ಟು ವರ್ಷ ಅದಕ್ಕೆ ಕೈ ಹಚ್ಚಿರಲಿಲ್ಲ. ಬೇರೆ ಐದಾರು ಕಾರುಗಳಿಗೆ ನೀರಲ್ಲಿ ಬೆರೆಸುವ ಅಕ್ರಿಲಿಕ್ ಬಣ್ಣವನ್ನು ಬ್ರಷ್ಷಿನಿಂದ ಹಚ್ಚಿ ಕೈ ಪಳಗಿಸಿಕೊಂಡೆ. ಆಮೇಲೆ ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಮತ್ತು ಸಣ್ಣ ಕಂಪ್ರೆಸರ್ ತರಿಸಿ, ಶಹಾಪುರದಲ್ಲಿ ಗಣಪತಿ ಮಾಡುವ ಹಿರಿಯರೊಬ್ಬರ ಹತ್ತಿರ ಎರಡು ತಿಂಗಳು ಕೂತು ಅದನ್ನು ಹಿಡಿಯುವುದನ್ನು ಕಲಿತೆ.

ಪೂರ್ವತಯಾರಿಯಲ್ಲಿ ನಾನು ಏನೂ ಬಿಟ್ಟಿರಲಿಲ್ಲ. ಬಾಡಿಯನ್ನು ಪಾತ್ರೆ ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ತೊಳೆದೆ. ಅಚ್ಚಿನಿಂದ ಬಿಡಿಸಿಕೊಳ್ಳಲು ಕಾರ್ಖಾನೆಯಲ್ಲಿ ಹಚ್ಚಿದ ಜಿಡ್ಡು ಮೈಮೇಲೆ ಉಳಿದಿರುತ್ತದೆ, ತೊಳೆಯದಿದ್ದರೆ ಬಣ್ಣ ಹಿಡಿಯುವುದಿಲ್ಲ. ಅಚ್ಚಿನ ಹೋಳುಗಳು ಕೂಡುವಲ್ಲಿ ಏಳುವ ಕೂದಲೆಳೆಯಂಥ ಗೆರೆಗಳನ್ನು 1000 ನಂಬರಿನ ವಾಟರ್ ಪೇಪರಿನಿಂದ ತಿಕ್ಕಿ ತೆಗೆದೆ. ಇಷ್ಟಾದ ಮೇಲೆ ನೋಡಿದರೆ ಬಣ್ಣಕ್ಕಿಂತ ಮೊದಲು ಹೊಡೆಯುವ ತಳಕೋಟು, ಅಂದರೆ ಪ್ರೈಮರ್ ಮುಗಿದಿತ್ತು, ಬೇಕಾದ ತಿಳಿನೀಲಿಯೂ ಇರಲಿಲ್ಲ. ಸ್ಪ್ರೇ ಡಬ್ಬಿ ಬೆಂಕಿ ಹತ್ತುವ ವಸ್ತು, ಒಳಗೆ ಒತ್ತಡ ಬೇರೆ. ಹಾಗಾಗಿ ವಿಮಾನದ ಪಾರ್ಸಲಿನಲ್ಲಿ ಬರುವುದಿಲ್ಲ, ರಸ್ತೆ ಮೇಲೇ ಬರಬೇಕು. ಎರಡು ವಾರ ಕಾಯಬೇಕಿತ್ತು. ನಾನು ಕಾಯಲಿಲ್ಲ.

ಪೇಟೆಯಲ್ಲಿ ಗಾಡಿಗಳಿಗೆ ಬಣ್ಣ ಮಿಕ್ಸ್ ಮಾಡಿ ಕೊಡುವ ಅಂಗಡಿಯೊಂದಕ್ಕೆ ಹೋಗಿ ಪೆಟ್ಟಿಗೆ ಮೇಲಿನ ಚಿತ್ರ ತೋರಿಸಿದೆ. ಹತ್ತೇ ನಿಮಿಷದಲ್ಲಿ ಅದೇ ನೀಲಿ ಕಲಸಿ ಡಬ್ಬಿಗೆ ಹಾಕಿದರು, ಜೊತೆಗೆ ಬಣ್ಣ ತೆಳುವಾಗಿಸಲು ಒಂದು ಲೀಟರ್ ಎನ್‌ಸಿ ಥಿನ್ನರ್.

‘ಪ್ಲಾಸ್ಟಿಕ್ ಮ್ಯಾಲೆ ನಡೀತೈತೇನ್ರಿ ಇದು?’

‘ಯಾಕ್ ನಡ್ಯಂಗಿಲ್ರೀ ಸರ? ಬಂಪರ್ ಏನ್ ಈಗ ಕಬ್ಬಿಣದ್ದಿರತೈತೇನ? ದಿನಾ ಬಂಪರಿಗೆ ಇದನ್ನ ಹೊಡಿತಾರ. ತಗೊಂಡ್ ಹೋಗ್ರಿ, ಕನ್ನಡಿ ಆದಂಗ ಆಗತೈತಿ.’

ಅವರು ಸುಳ್ಳು ಹೇಳಲಿಲ್ಲ. ಬಂಪರಿನ ಮಟ್ಟಿಗೆ ಆ ಮಾತು ನಿಜ. ಇಂದಿನ ಕಾರಿನ ಬಂಪರ್ ಬಹುತೇಕ ಪಾಲಿಪ್ರೊಪಿಲೀನ್ ಜಾತಿಯದು, ಥಿನ್ನರಿಗೆ ಅದು ಕರಗುವುದಿಲ್ಲ. ನಮ್ಮ ಕಿಟ್ಟುಗಳು ಪಾಲಿಸ್ಟೈರೀನ್. ಇದಕ್ಕೆ ಥಿನ್ನರ್ ಅಂದರೆ ಸಕ್ಕರೆಗೆ ನೀರಿದ್ದಂತೆ. ಎರಡಕ್ಕೂ ನಾವು ಪ್ಲಾಸ್ಟಿಕ್ ಅಂತ ಒಂದೇ ಹೆಸರು ಕರೆಯುತ್ತೇವೆ, ನಾನು ಬಿದ್ದದ್ದು ಅಲ್ಲಿಯೇ.

ಆವತ್ತು ಬೆಳಗಿನಿಂದ ಜಿಟಿಜಿಟಿ ಮಳೆ. ಟಿಳಕವಾಡಿಯ ನಮ್ಮ ಮನೆಯ ಹಿಂದಿನ ಕೋಣೆಯ ಕಿಟಕಿ ಮುಚ್ಚಿ, ಧೂಳು ಬರಬಾರದೆಂದು ಬಾಗಿಲನ್ನೂ ಮುಂದೆ ಮಾಡಿ ಕೂತೆ. ಮೊದಲನೆಯ ಕೋಟು ಮಂಜು ಬಿದ್ದಂತೆ ತೆಳುವಾಗಿ ಹೊಡೆದೆ. ಏನೂ ಆಗಲಿಲ್ಲ. ತೆಳು ಕೋಟು ಗಾಳಿಯಲ್ಲೇ ಅರ್ಧ ಒಣಗಿ ಬಿದ್ದಿರುತ್ತದೆ, ಕರಗಿಸುವ ದ್ರವ ಅದರಲ್ಲಿ ಉಳಿದಿರುವುದೇ ಕಡಿಮೆ. ಅದು ನನಗೆ ಸುಳ್ಳು ಧೈರ್ಯ ಕೊಟ್ಟಿತು. ಹೊಳಪು ಬರಲಿ ಎಂದು ಎರಡನೆಯದನ್ನು ತೋಯುವ ಹಾಗೆ ಹೊಡೆದೆ. ಕಾರಿನ ಮೇಲ್ಛಾವಣಿಯಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಪೂರ್ತಿ ಕಂಡಿತು. ಮಗಳನ್ನು ಕರೆದು ತೋರಿಸಬೇಕು ಅನ್ನಿಸಿತು. ಅವಳು ಬರುವಷ್ಟರಲ್ಲಿ ಆ ಪ್ರತಿಬಿಂಬದ ಮೇಲೆ ಸಣ್ಣ ಗೆರೆಗಳು ಎದ್ದವು. ಬ್ಯಾಸಿಗೆಯಲ್ಲಿ ಎರೆಹೊಲ ಬಿರಿಯುತ್ತದಲ್ಲ, ಹಾಗೆಯೇ, ಆದರೆ ಉಗುರಿನಷ್ಟು ಜಾಗದಲ್ಲಿ ನೂರು ಬಿರುಕು. ಬಾಗಿಲಿನ ಗೆರೆಗಳು ಮೆತ್ತಗಾಗಿ ತುಂಬಿಕೊಂಡವು. ಮೇಲಿಂದ ಮಳೆಯ ತೇವಕ್ಕೆ ಬಣ್ಣ ಹಾಲಿನಂತೆ ಬೆಳ್ಳಗಾಯಿತು. ಥಿನ್ನರ್ ಜೋರಾಗಿ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಅದಕ್ಕೇ ಆ ಬಿಳುಪು.

ಅಷ್ಟಕ್ಕೇ ನಿಲ್ಲಿಸಿದ್ದರೆ ಒಣಗಿದ ಮೇಲೆ ತಿಕ್ಕಿ, ಪುಟ್ಟಿ ತುಂಬಿ ಏನಾದರೂ ಮಾಡಬಹುದಿತ್ತು. ನಾನು ಗಾಬರಿಯಲ್ಲಿ ಬಟ್ಟೆಗೆ ಅದೇ ಥಿನ್ನರ್ ಹಾಕಿಕೊಂಡು ಒರೆಸಲು ಹೋದೆ. ಬಣ್ಣದ ಜೊತೆ ಪ್ಲಾಸ್ಟಿಕ್ ಕೂಡ ಬೆಲ್ಲದ ಪಾಕದ ಹಾಗೆ ಎದ್ದು ಬಂತು. ಬಟ್ಟೆಯ ನೂಲು ಮುಂದಿನ ಮಡ್‌ಗಾರ್ಡಿನಲ್ಲಿ ಹುಗಿದುಹೋಯಿತು. ಛಾವಣಿಯಲ್ಲಿ ನನ್ನ ಹೆಬ್ಬೆರಳಿನ ಗುರುತು ಇವತ್ತಿಗೂ ಇದೆ, ರೇಖೆ ರೇಖೆ ಎಣಿಸಬಹುದು.

ಕಾರಣ ಆಮೇಲೆ ಕೂತು ಓದಿಕೊಂಡಾಗ ಸ್ಪಷ್ಟವಾಯಿತು. ಎನ್‌ಸಿ ಅಂದರೆ ನೈಟ್ರೋಸೆಲ್ಯುಲೋಸ್. ಅದರ ಥಿನ್ನರಿನಲ್ಲಿ ಸಾಮಾನ್ಯವಾಗಿ ಟೊಲುವಿನ್, ಅಸಿಟೋನ್, ಬ್ಯೂಟೈಲ್ ಅಸಿಟೇಟ್‌ನಂಥವು ಬೆರೆತಿರುತ್ತವೆ. ಕಿಟ್ ಜೋಡಿಸಲು ನಾವು ಬಳಸುವ ನೀರಿನಂಥ ತೆಳು ಸಿಮೆಂಟ್ ಇದೆಯಲ್ಲ, ಅದರಲ್ಲಿರುವುದೂ ಬ್ಯೂಟೈಲ್ ಅಸಿಟೇಟ್ ಮತ್ತು ಅಸಿಟೋನ್. ಆ ಸಿಮೆಂಟ್ ಗೋಂದಿನಂತೆ ಅಂಟಿಸುವುದಿಲ್ಲ, ಎರಡು ತುಂಡುಗಳ ಅಂಚು ಕರಗಿಸಿ ಒಂದಕ್ಕೊಂದು ಬೆಸೆಯುತ್ತದೆ. ಅಂದರೆ ಮಾವ ಕೊಟ್ಟ ಕಾರಿನ ಮೈತುಂಬ ನಾನು ಸಿಮೆಂಟ್ ಸಿಂಪಡಿಸಿದ್ದೆ.

ಪ್ರೈಮರ್ ಇದ್ದಿದ್ದರೆ ಉಳಿಯುತ್ತಿತ್ತಲ್ಲ ಅಂತ ಕೆಲವರು ಕೇಳಿದರು. ಆ ನಂಬಿಕೆಯ ಮೇಲೂ ಹೊಡೆಯಬೇಡಿ. ತೋಯುವಷ್ಟು ಹೊಡೆದರೆ ಈ ಥಿನ್ನರ್ ತೆಳು ಪ್ರೈಮರನ್ನು ದಾಟಿ ಕೆಳಗಿಳಿಯುತ್ತದೆ.

ಇನ್ನೊಂದು ವಿಷಯ ಕಾರಿಗಿಂತ ದೊಡ್ಡದು. ಪಕ್ಕದ ಅಡಿಗೆಮನೆಯಿಂದ ನನ್ನ ಹೆಂಡತಿ ಓಡಿ ಬಂದು ‘ಗ್ಯಾಸ್ ಸೋರಾಕತ್ತೈತೇನ್ರಿ?’ ಅಂದಳು. ಆ ಹೊತ್ತಿನಲ್ಲಿ ಒಲೆಯ ಮೇಲೆ ರೊಟ್ಟಿ ಬೇಯುತ್ತಿತ್ತು. ಟೊಲುವಿನ್ ನಾಲ್ಕು ಡಿಗ್ರಿ ಸೆಲ್ಸಿಯಸ್ಸಿಗೇ ಕಿಡಿ ತಗುಲಿದರೆ ಹತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮೂರಿನ ಯಾವ ಚಳಿಗಾಲವೂ ಅದಕ್ಕೆ ತಡೆಯಲ್ಲ. ಅದರ ಆವಿ ಗಾಳಿಗಿಂತ ಮೂರು ಪಟ್ಟು ಭಾರ, ಮೇಲಕ್ಕೆ ಹೋಗುವುದಿಲ್ಲ, ನೆಲ ಹಿಡಿದು ಬಾಗಿಲ ಸಂದಿಯಿಂದ ಹರಿಯುತ್ತದೆ. ನಾನು ಹಾಕಿಕೊಂಡಿದ್ದದ್ದು ಕೋವಿಡ್ ಕಾಲದ ಎನ್95 ಮಾಸ್ಕ್. ಅದು ಬಣ್ಣದ ಕಣ ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ಮರುದಿನ ಮಧ್ಯಾಹ್ನದ ತನಕ ತಲೆ ಸಿಡಿಯಿತು. ಕರೆದೆನೆಂದು ಬಂದು ಪಕ್ಕದಲ್ಲಿ ನಿಂತಿದ್ದ ಮಗಳು ರಾತ್ರಿ ವಾಂತಿ ಮಾಡಿಕೊಂಡಳು. ಕಾರು ಹೋದದ್ದಕ್ಕೆ ನನಗೆ ದುಃಖವಿದೆ, ಇದನ್ನು ನೆನೆದರೆ ಮಾತ್ರ ಈಗಲೂ ಕೈ ನಡುಗುತ್ತದೆ. ಸಾಲ್ವೆಂಟ್, ಅಂದರೆ ಇಂಥ ಕರಗಿಸುವ ದ್ರವ ಇರುವ ಯಾವ ಬಣ್ಣ ಹೊಡೆದರೂ ಆವಿಯನ್ನು ಹಿಡಿದಿಡುವ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ತೆರೆದ ಗಚ್ಚಿಯ ಮೇಲೋ, ಹೊರಕ್ಕೆ ಎಳೆಯುವ ಫ್ಯಾನ್ ಮುಂದೋ ಹೊಡೆಯಿರಿ. ಮಕ್ಕಳು ಮತ್ತು ಬೆಂಕಿ ಎರಡೂ ದೂರ ಇರಲಿ.

ಮೂರನೆಯ ದಿನ ಬಾಡಿಯನ್ನು ಗಣಪತಿ ಮಾಡುವ ಹಿರಿಯರಿಗೆ ತೋರಿಸಿದೆ. ಅವರು ಬಹಳ ಹೊತ್ತು ತಿರುಗಿಸಿ ನೋಡಿ ‘ಮೊದ್ಲ ಚೂರಿನ ಮ್ಯಾಲೆ ಹೊಡದ್ ನೋಡ್ರಿ ಅಂತ ಹೇಳಿದ್ನೆಲ್ಲೋ ತಮ್ಮಾ’ ಅಂದರು. ಹೇಳಿದ್ದರು. ಮೊದಲನೆಯ ದಿನವೇ ಹೇಳಿದ್ದರು.

ಆ ಚೂರು ಎಲ್ಲಿಂದ ತರುವುದು ಅಂತ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೊದಲು ಪ್ಲಾಸ್ಟಿಕ್ ಚಮಚೆಯ ಮೇಲೆ ಪರೀಕ್ಷೆ ಮಾಡುತ್ತಿದ್ದರು. 2022ರ ಜುಲೈನಿಂದ ಅಂಥ ಚಮಚೆಗಳು ನಿಷೇಧವಾಗಿವೆ, ಮೇಲಾಗಿ ಎಲ್ಲ ಚಮಚೆಯೂ ಪಾಲಿಸ್ಟೈರೀನ್ ಆಗಿರುವುದಿಲ್ಲ. ಪ್ಲಾಸ್ಟಿಕ್ ವಸ್ತುವಿನ ಮೇಲೆ ಅಚ್ಚಾದ ತ್ರಿಕೋನದೊಳಗೆ 6 ಇದ್ದರೆ ಅದು ಪಾಲಿಸ್ಟೈರೀನ್, 5 ಇದ್ದರೆ ಪಾಲಿಪ್ರೊಪಿಲೀನ್. 5ರ ಮೇಲೆ ಪರೀಕ್ಷೆ ಮಾಡಿ ಪಾಸಾಯಿತೆಂದು ಕಿಟ್ಟಿಗೆ ಹೊಡೆದರೆ ನನ್ನ ಗತಿಯೇ. ಕಿಟ್ಟಿನ ತುಂಡುಗಳನ್ನು ಕತ್ತರಿಸಿ ತೆಗೆದ ಮೇಲೆ ಉಳಿಯುವ ಚೌಕಟ್ಟು ಎಲ್ಲಕ್ಕಿಂತ ಮೇಲು. ಬಾಡಿ ಯಾವ ಪ್ಲಾಸ್ಟಿಕ್ಕೋ ಅದೇ ಪ್ಲಾಸ್ಟಿಕ್. ಅದರ ಮೇಲೆ ತೋಯುವ ಹಾಗೆ ಹೊಡೆದು ಒಂದು ದಿನ ಬಿಟ್ಟು ನೋಡಿ. ಉಗುರಿಗೆ ಮೆತ್ತಗೆ ಹತ್ತಿದರೆ, ಹೊಳಪು ಮಂಕಾದರೆ, ಆ ಬಣ್ಣ ಬೇಡ.

ಏನು ಬಳಸಬಹುದು ಅಂದರೆ, ಹೊಸಬರಿಗೆ ನೀರಿನ ಅಕ್ರಿಲಿಕ್ಕೇ ಸಾಕು ಅನ್ನುತ್ತೇನೆ. ಲ್ಯಾಕರಿನ (ಸಾಲ್ವೆಂಟ್ ಆರಿ ಬೇಗ ಒಣಗುವ ಬಣ್ಣ) ಹೊಳಪೇ ಬೇಕಿದ್ದರೆ ಕಿಟ್ಟಿಗಾಗಿಯೇ ಮಾಡಿದ ಲ್ಯಾಕರ್ ತರಿಸಿ, ಅದೇ ಕಂಪನಿಯ ಥಿನ್ನರಿನಲ್ಲೇ ಬೆರೆಸಿ. ಟಾಮಿಯಾದ ಸ್ಪ್ರೇ ತರಿಸುವವರು ಒಂದು ಅಕ್ಷರ ನೋಡಿಕೊಳ್ಳಬೇಕು. ಟಿಎಸ್ ಅಂತ ಇರುವುದು ನಮ್ಮ ಪಾಲಿಸ್ಟೈರೀನಿಗೆ. ಪಿಎಸ್ ಅಂತ ಇರುವುದು ರಿಮೋಟ್ ಕಾರುಗಳ ಪಾರದರ್ಶಕ ಪಾಲಿಕಾರ್ಬೊನೇಟ್ ಬಾಡಿಗೆ, ಅದನ್ನು ಒಳಮೈಗೆ ಹೊಡೆಯುತ್ತಾರೆ. ಪಾಲಿಸ್ಟೈರೀನನ್ನು ಚಿಕ್ಕದಾಗಿ ಪಿಎಸ್ ಅನ್ನುವುದರಿಂದ ಇದೇ ನಮ್ಮದು ಅಂತ ತಿಳಿದು ತರಿಸಿಬಿಡುವ ಅಪಾಯ ಇದೆ, ನಾನೂ ಒಮ್ಮೆ ಆರ್ಡರ್ ಮಾಡಿ ರದ್ದು ಮಾಡಿದ್ದೇನೆ. ನಿಧಾನ ಒಣಗುವ ಎನಾಮೆಲ್ ಬಣ್ಣದ ಮೇಲೆ ಲ್ಯಾಕರ್ ಹೊಡೆಯುವುದೂ ಬೇಡ, ಕೆಳಗಿನ ಪದರ ಸುಕ್ಕುಗಟ್ಟುತ್ತದೆ. ಲ್ಯಾಕರ್ ಕೆಳಗೆ, ಎನಾಮೆಲ್ ಮೇಲೆ.

ಹವೆಯ ಮಾತೂ ಇದೆ. ಬೆಳಗಾವಿಯವರು ಜೂನ್‌ನಿಂದ ಸೆಪ್ಟೆಂಬರ್ ತನಕ ಜೋಡಣೆ, ಒಳಭಾಗ, ಬ್ರಷ್ ಕೆಲಸ ಮಾಡಿಕೊಂಡಿರಿ, ಬಾಡಿಯ ಬಣ್ಣಕ್ಕೆ ಮಳೆ ಹೋಗಲಿ. ವಿಜಯಪುರದ ಗೆಳೆಯರೊಬ್ಬರಿಗೆ ಏಪ್ರಿಲ್-ಮೇಯಲ್ಲಿ ಇದರ ಉಲ್ಟಾ ತೊಂದರೆ. ಬಣ್ಣ ಏರ್‌ಬ್ರಷ್ಷಿನ ಮೂತಿಯಿಂದ ಬಾಡಿ ಮುಟ್ಟುವಷ್ಟರಲ್ಲೇ ಒಣಗಿ ಪುಡಿಯಾಗಿ ಬೀಳುತ್ತದೆ, ಮೈ ಖರಬರ ಆಗುತ್ತದೆ. ಅವರು ಬೆಳಗಿನ ಆರಕ್ಕೆ ಹೊಡೆಯುತ್ತಾರೆ, ಥಿನ್ನರಿಗೆ ಎರಡು ಹನಿ ರಿಟಾರ್ಡರ್ ಸೇರಿಸುತ್ತಾರೆ, ಅದು ಒಣಗುವುದನ್ನು ನಿಧಾನ ಮಾಡುತ್ತದೆ.

ಬೀಟಲ್‌ನ ಚಾಸಿಸ್, ಎಂಜಿನ್, ಕ್ರೋಮ್ ಬಂಪರ್, ಗಾಜುಗಳು ಎಲ್ಲ ಸುರಕ್ಷಿತ ಇವೆ. ನೀರಲ್ಲಿ ನೆನೆಸಿ ಜಾರಿಸಿ ಅಂಟಿಸುವ ಚಿತ್ರಗಳ ಡೆಕಾಲ್ ಹಾಳೆ ತುಸು ಹಳದಿಯಾಗಿತ್ತು, ಒಂದು ಚೂರು ನೀರಲ್ಲಿ ಹಾಕಿ ನೋಡಿದೆ, ಒಡೆಯದೆ ಜಾರಿ ಬಂತು. ಇಲ್ಲದಿರುವುದು ಬಾಡಿ ಒಂದೇ. ಯಾರ ಬಳಿಯಾದರೂ ಇದೇ ಕಿಟ್ಟಿನ ಅರ್ಧಕ್ಕೆ ಬಿಟ್ಟ ಬಾಡಿ ಇದ್ದರೆ, ಬಣ್ಣ ಹಚ್ಚಿದ್ದರೂ ಸರಿ, ದಯವಿಟ್ಟು ತಿಳಿಸಿ. ಬೆಲೆ ಕೊಟ್ಟು ತೆಗೆದುಕೊಳ್ಳುತ್ತೇನೆ. ಬೇಕೆಂದರೆ ಬದಲಿಗೆ ತೆರೆಯದೇ ಇಟ್ಟ ಒಂದು 1/24 ಕಿಟ್ ಕೊಡುತ್ತೇನೆ.