ಹೊನ್ನೆಮರಡು, ಕೊಂಡಜ್ಜಿ ಮತ್ತು ಊರಾಚೆಯ ಹೊಂಡ: ನೀರಿನ ದಂಡೆಯ ಮೂರು ಶಿಬಿರಗಳ ಹೋಲಿಕೆ

ಮಗಳನ್ನು ನೀರಿನ ದಂಡೆಯ ಶಿಬಿರವೊಂದಕ್ಕೆ ಕಳುಹಿಸಬೇಕೆಂದು ಹೊರಟ ನಾನು ಎರಡು ವರ್ಷಗಳಲ್ಲಿ ಮೂರು ಶಿಬಿರಗಳನ್ನು ಕಂಡಿದ್ದೇನೆ. ಮೊದಲನೆಯದು ಬೆಂಗಳೂರಿನಿಂದ ಒಂದೂವರೆ ಗಂಟೆ ದೂರದ ಖಾಸಗಿ ರೆಸಾರ್ಟೊಂದರ ಬೇಸಿಗೆ ಶಿಬಿರ, ಎರಡನೆಯದು ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ ಕೆರೆಯ ಪಕ್ಕದಲ್ಲಿರುವ ಸ್ಕೌಟ್ಸ್ ಮತ್ತು ಗೈಡ್ಸ್ ಕೇಂದ್ರ, ಮೂರನೆಯದು ಸಾಗರ ತಾಲ್ಲೂಕಿನ ಹೊನ್ನೆಮರಡು. ನಮ್ಮ ಮನೆಯ ಆಯ್ಕೆ ಹೊನ್ನೆಮರಡುವೇ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲನೆಯದಕ್ಕೆ ತೆತ್ತ 14,500 ರೂಪಾಯಿಯ ಸಂಕಟ ಈ ಬರಹದಲ್ಲಿ ಅಲ್ಲಲ್ಲಿ ಇಣುಕಿದರೆ ಓದುಗರು ಮನ್ನಿಸಬೇಕು.

ರೆಸಾರ್ಟಿನ ಊಟ, ಹಾಸಿಗೆ, ಶೌಚಾಲಯಗಳಲ್ಲಿ ಕುಂದಿರಲಿಲ್ಲ. ಕರಪತ್ರದಲ್ಲಿ ‘ಸರೋವರ’ ಎಂದು ಅಚ್ಚಾಗಿದ್ದುದು ಪ್ಲಾಸ್ಟಿಕ್ ಹಾಳೆ ಹಾಸಿ ನೀರು ತುಂಬಿಸಿದ, ಕೃಷಿ ಹೊಂಡಕ್ಕಿಂತ ಸ್ವಲ್ಪ ದೊಡ್ಡದಾದ ಹೊಂಡ, ಅದನ್ನೂ ಸಹಿಸಬಹುದಿತ್ತು. ಸಹಿಸಲಾಗದಿದ್ದದ್ದು ಅಲ್ಲಿನ ಲೈಫ್ ಜಾಕೆಟ್‌ಗಳನ್ನು. ಇದ್ದವೆಲ್ಲವೂ ದೊಡ್ಡವರ ಅಳತೆಯವು. ಹತ್ತು ವರ್ಷದ, 26 ಕೆ.ಜಿ. ತೂಕದ ನನ್ನ ಮಗಳಿಗೆ ಅದನ್ನು ತೊಡಿಸಿ, ಇದ್ದ ಪಟ್ಟಿಗಳನ್ನೆಲ್ಲ ಬಿಗಿದ ಮೇಲೂ ಭುಜದ ಬಳಿ ಹಿಡಿದು ಎತ್ತಿದರೆ ಜಾಕೆಟ್ ಅವಳ ಕಿವಿಯವರೆಗೆ ಏರುತ್ತಿತ್ತು. ನೀರಿಗೆ ಬಿದ್ದಾಗ ಆಗುವುದೂ ಇದೇ: ಜಾಕೆಟ್ ತೇಲುತ್ತದೆ, ಮಗು ಅದರೊಳಗಿಂದ ಕೆಳಕ್ಕೆ ಜಾರುತ್ತದೆ. ಜಾಕೆಟ್ಟನ್ನು ಆರಿಸಬೇಕಾದದ್ದು ವಯಸ್ಸು ನೋಡಿಯಲ್ಲ, ಮೈತೂಕ ನೋಡಿ. ಚಿಕ್ಕ ಮಕ್ಕಳ ಜಾಕೆಟ್ಟಿನಲ್ಲಿ ಕಾಲುಗಳ ನಡುವೆ ಹಾಯ್ದು ಬರುವ ಪಟ್ಟಿ ಇರುವುದು ಈ ಜಾರುವಿಕೆಯನ್ನು ತಡೆಯಲೆಂದೇ.

ಮಗಳನ್ನು ಬಿಡಲು ಹೋದ ಮೊದಲ ದಿನವೇ ಇದನ್ನು ಅಲ್ಲಿನ ಹುಡುಗನಿಗೆ ತೋರಿಸಿದೆ. “ಸೊಂಟದುದ್ದ ನೀರು ಸರ್, ಏನೂ ಆಗಲ್ಲ” ಎಂದ. ಸೊಂಟವೆಂದರೆ ನಿನ್ನದೋ ಇವಳದೋ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ವ್ಯವಸ್ಥಾಪಕರವರೆಗೆ ತಕರಾರು ಒಯ್ದುದರ ಫಲವಾಗಿ ಅಳತೆಯ ಜಾಕೆಟ್‌ಗಳೇನೂ ಬರಲಿಲ್ಲ; ಬದಲಿಗೆ ಹನ್ನೊಂದು ಮಕ್ಕಳು ಮೂರು ಮಧ್ಯಾಹ್ನ ದಂಡೆಯ ಮೇಲೆ ಕುಳಿತು ಕಲ್ಲುಗಳಿಗೆ ಬಣ್ಣ ಬಳಿದರು. ಅವುಗಳಲ್ಲಿ ನಾಲ್ಕು ಇಂದಿಗೂ ನಮ್ಮ ಟಿ.ವಿ.ಯ ಪಕ್ಕದಲ್ಲಿವೆ. ಹಣ ಮರಳಿ ಬರಲಿಲ್ಲ.

ಕೊಂಡಜ್ಜಿಗೆ ಹೋದವನು ಅಕ್ಕನ ಮಗ. ಕೊನೆಯ ದಿನ ಕರೆತರಲು ಹೋದಾಗ ನಾನು ನೋಡಿದ್ದಷ್ಟೇ. ಸ್ಕೌಟ್ ಚಳವಳಿಯ ಮುಖಂಡರೂ ರಾಜಕಾರಣಿಯೂ ಆಗಿದ್ದ ಕೊಂಡಜ್ಜಿ ಬಸಪ್ಪನವರ ಹೆಸರು ಆ ಕೇಂದ್ರಕ್ಕಿದೆ. 1907ರ ಆಗಸ್ಟ್‌ನಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರನ್ನು ಸಣ್ಣ ತಂಡಗಳಾಗಿ ವಿಂಗಡಿಸಿ, ತಂಡಕ್ಕೊಬ್ಬ ನಾಯಕನನ್ನು ನೇಮಿಸಿ ನಡೆಸಿದ ಕ್ರಮವೇ ಅಕ್ಕನ ಮಗನ ಶಿಬಿರದಲ್ಲಿಯೂ ಇತ್ತು. ಖರ್ಚು ಅತ್ಯಲ್ಪ, ಶಿಸ್ತು ಗಟ್ಟಿ. ಆದರೆ ಅವನು ಹೋದದ್ದು ಶಾಲೆಯ ಸ್ಕೌಟ್ ದಳದೊಂದಿಗೆ. ಮಗಳ ಶಾಲೆಯಲ್ಲಿ ದಳವೇ ಇಲ್ಲ.

ಹೊನ್ನೆಮರಡುವಿನ ನೀರು ಕೆರೆಯಂತೆ ಕಂಡರೂ, 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಸಿದಾಗ ಮುಳುಗಿದ ಕಣಿವೆಯದು. ಊರು, ಗದ್ದೆ, ತೋಟಗಳಷ್ಟೇ ಅಲ್ಲ, 1948ರಲ್ಲಿ ಮುಗಿದಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಇದೇ ಹಿನ್ನೀರಿನೊಳಗೆ ಸೇರಿಹೋಗಿದ್ದು, ನೀರು ತೀರ ಇಳಿದ ಬೇಸಿಗೆಗಳಲ್ಲಿ ತಲೆ ಎತ್ತುತ್ತದೆ. ಡೇರೆ ಹಾಕುವ ದ್ವೀಪಗಳೆಂದರೆ ಮುಳುಗದೆ ಉಳಿದ ಗುಡ್ಡಗಳ ನೆತ್ತಿಗಳು. ಒಕ್ಕಲೆದ್ದು ಹೋದವರ ಮಕ್ಕಳು ಮೊಮ್ಮಕ್ಕಳು ಜಮೀನಿನ ಹಕ್ಕಿಗಾಗಿ ಇಂದಿಗೂ ಅಲೆಯುತ್ತಿರುವಾಗ, ಇದನ್ನು ಬರಿಯ ಆಟದ ನೀರೆಂದು ಮಗಳಿಗೆ ಹೇಳಲು ನನಗೆ ಮನಸ್ಸಾಗಲಿಲ್ಲ.

ಇಲ್ಲಿ ಬಹುಕಾಲದಿಂದ ಶಿಬಿರ ನಡೆಸುತ್ತಿರುವುದು ‘ದಿ ಅಡ್ವೆಂಚರರ್ಸ್’ ಸಂಸ್ಥೆ. ಡೇರೆ, ಹರಿಗೋಲು, ಕಯಾಕ್ ಇವೆ. ರೆಸಾರ್ಟಿನ ಮೆತ್ತನೆಯ ಹಾಸಿಗೆ ಇಲ್ಲ. ಹುಟ್ಟು ಕೈಗೆ ಕೊಡುವ ಮೊದಲು ಜಾಕೆಟ್ ತೊಡಿಸಿ ನೀರಿನಲ್ಲಿ ಅಂಗಾತ ತೇಲುವುದನ್ನು ಕಲಿಸಿದರು. ಈ ಸಲವೂ ನಾನು ಮಗಳ ಭುಜದ ಪಟ್ಟಿ ಹಿಡಿದು ಎತ್ತಿ ನೋಡಿದೆ. ಜಾಕೆಟ್ ಗಲ್ಲದ ಕೆಳಗೇ ನಿಂತಿತು. ಮಗಳಿಗೆ ನಾಚಿಕೆಯಾಯಿತು, ನನಗಾಗಲಿಲ್ಲ.

ಒಂದು ತೊಡಕಿದೆ. ಮೇ ತಿಂಗಳಲ್ಲಿ ನೀರು ದೂರ ಸರಿದಿರುತ್ತದೆಂದು ನಾವು ದಸರಾ ರಜೆಯಲ್ಲಿ ಹೋದೆವು. ಹಾಗಾಗಿ ನಮ್ಮ ಮಟ್ಟಿಗೆ ಇದು ಬೇಸಿಗೆ ಶಿಬಿರವೇ ಅಲ್ಲ.

ನನ್ನ ಬಳಿ ಕಾರಿಲ್ಲ. ರಾತ್ರಿ ಬೆಂಗಳೂರಿನಲ್ಲಿ ರೈಲು ಹತ್ತಿದರೆ ಬೆಳಿಗ್ಗೆ ಕೊನೆಯ ನಿಲ್ದಾಣವಾದ ತಾಳಗುಪ್ಪದಲ್ಲಿ ಇಳಿದು ಆಟೊ ಹಿಡಿಯಬಹುದೆಂಬುದು ನನಗೆ ದೊಡ್ಡ ಅನುಕೂಲ. ಇಬ್ಬರ ಟಿಕೆಟ್ಟು, ಶುಲ್ಕ ಎಲ್ಲ ಸೇರಿಯೂ ರೆಸಾರ್ಟಿಗೆ ಕಟ್ಟಿದ್ದಕ್ಕಿಂತ ಕಡಿಮೆಯೇ ಆಯಿತು. ಕಾರಿದ್ದು, ಎರಡೇ ದಿನ ರಜೆಯಿರುವವರು, ಡೇರೆಯಲ್ಲಿ ನಿದ್ದೆ ಬಾರದವರು ಬೆಂಗಳೂರಿನ ಸುತ್ತಲಿನ ಯಾವುದನ್ನಾದರೂ ಆರಿಸಿಕೊಳ್ಳಲಿ. ಆದರೆ ಹಣ ಕಟ್ಟುವ ಮೊದಲು ಮಗುವಿನ ತೂಕ ತಿಳಿಸಿ, ಆ ಅಳತೆಯ ಜಾಕೆಟ್ಟಿನ ಫೋಟೊ ತರಿಸಿಕೊಳ್ಳಲಿ.