35,000 ಡಿಸ್ಕೌಂಟ್ ಕೊಟ್ಟವರು, 20,000 ಕೊಟ್ಟವರು: ಎರಡು ಶೋರೂಂ ಕೊಟೇಶನ್‌ಗಳ ಹೋಲಿಕೆ

ಒಂದೇ ಕಂಪನಿ, ಒಂದೇ ಮಾಡೆಲ್, ಅದೇ ವೇರಿಯಂಟ್, ಅದೇ ಬಿಳಿ ಬಣ್ಣ. ಬೆಂಗಳೂರಿನ ಎರಡು ಶೋರೂಂಗಳಲ್ಲಿ ಒಂದೇ ವಾರ ಬರೆಸಿಕೊಂಡ ಕೊಟೇಶನ್‌ಗಳು ಇವು. ಶೋರೂಂಗಳ ಹೆಸರು ಬೇಡ, ಮೊದಲನೆಯದು, ಎರಡನೆಯದು ಅಂತಲೇ ಇರಲಿ. ಲೆಕ್ಕ ಹಿಡಿಯಲು ಸುಲಭವಾಗಲೆಂದು ಎಕ್ಸ್-ಶೋರೂಂ ಬೆಲೆಯನ್ನು 9 ಲಕ್ಷಕ್ಕೆ ದುಂಡು ಮಾಡಿ, ಉಳಿದದ್ದನ್ನು ಅದಕ್ಕೆ ಹೊಂದಿಸಿದ್ದೇವೆ. ಕಾರಿನ ಎಂಜಿನ್ 1,200 ಸಿಸಿ, ಪೆಟ್ರೋಲ್.

ಎಕ್ಸ್-ಶೋರೂಂ: 9,00,000 | 9,00,000
ರೋಡ್ ಟ್ಯಾಕ್ಸ್, ಸೆಸ್ ಸೇರಿ: 1,39,860 | 1,39,860
ಸಾರಿಗೆ ಕಾರ್ಮಿಕರ ಕಲ್ಯಾಣ ಸೆಸ್: 1,000 | 1,000
ರಿಜಿಸ್ಟ್ರೇಷನ್: 6,500 | 3,200
ಇನ್ಶೂರೆನ್ಸ್: 48,900 | 39,400
ಎಸೆನ್ಷಿಯಲ್ ಕಿಟ್: 18,500 | ಇಲ್ಲ
ಹ್ಯಾಂಡ್ಲಿಂಗ್: 7,500 | ಇಲ್ಲ
ಫಾಸ್ಟ್ಯಾಗ್: 600 | 600
ಡಿಸ್ಕೌಂಟ್: 35,000 | 20,000
ಕೊಡಬೇಕಾದದ್ದು: 10,87,860 | 10,64,060

ಡಿಸ್ಕೌಂಟ್ 15,000 ಕಡಿಮೆ ಕೊಟ್ಟ ಎರಡನೆಯವರ ಕಾರೇ 23,800 ರೂಪಾಯಿ ಅಗ್ಗ. ಹಾಗಾಗಿ ಡಿಸ್ಕೌಂಟ್ ಎಷ್ಟು ಅಂತ ಕೇಳುವುದನ್ನೇ ಬಿಟ್ಟುಬಿಡಿ. "ಸಾರ್, ಇವತ್ತೇ ಬುಕ್ ಮಾಡಿದ್ರೆ ಮ್ಯಾನೇಜರ್ ಹತ್ರ ಮಾತಾಡಿ ಇನ್ನೊಂದು ಐದು ಸಾವಿರ ಕೊಡಿಸ್ತೀನಿ" ಅಂದಾಗ, "ಐದು ಸಾವಿರದ ಮಾತು ಆಮೇಲೆ, ಕೀ ಕೈಗೆ ಕೊಡುವಾಗ ನನ್ನಿಂದ ಒಟ್ಟು ಎಷ್ಟು ತಗೋತೀರಿ, ಅದನ್ನ ಬರೆದುಕೊಡಿ" ಅನ್ನಿ. ಬರೆದುಕೊಟ್ಟ ಹಾಳೆಯ ಮೇಲೆ ಸೀಲು, ಸಹಿ, ದಿನಾಂಕ ಇರಬೇಕು. ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋ ಚೌಕಾಸಿಗೆ ಸಾಕು, ಬುಕಿಂಗ್‌ಗೆ ಸಾಲದು.

ಚೌಕಾಸಿಗೆ ಜಾಗವೇ ಇಲ್ಲದ ಸಾಲುಗಳನ್ನು ಮೊದಲು ಪಕ್ಕಕ್ಕಿಡೋಣ. ಕರ್ನಾಟಕದಲ್ಲಿ 5 ಲಕ್ಷದಿಂದ 10 ಲಕ್ಷದವರೆಗಿನ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಿತಾವಧಿ ತೆರಿಗೆ, ಅಂದರೆ ಮೇಲಿನ ರೋಡ್ ಟ್ಯಾಕ್ಸ್, ಶೇ. 14. ಆ ತೆರಿಗೆಯ ಮೇಲೆ ಶೇ. 11 ಸೆಸ್ ಕೂತು ಕೊನೆಗೆ ಶೇ. 15.54 ಆಗುತ್ತದೆ. 10 ಲಕ್ಷ ದಾಟಿದರೆ ತೆರಿಗೆ ಶೇ. 17, ಸೆಸ್ ಸೇರಿ ಶೇ. 18.87. ಇಲ್ಲಿ ಅನೇಕರು ಎಡವುತ್ತಾರೆ. 9,99,000ದ ವೇರಿಯಂಟ್‌ಗೆ ತೆರಿಗೆ ಸುಮಾರು 1,55,245. ಅದಕ್ಕಿಂತ ಬರೀ 6,000 ಹೆಚ್ಚಿನ, 10,05,000ದ ವೇರಿಯಂಟ್‌ಗೆ ಸುಮಾರು 1,89,644. ಯಾವುದೋ ಅಲಾಯ್ ವೀಲ್ ಆಸೆಗೆ 34,000 ರೂಪಾಯಿ ತೆರಿಗೆ! ಜೊತೆಗೆ 10 ಲಕ್ಷ ದಾಟಿದ ಕಾರಿಗೆ ಶೇ. 1 ಟಿಸಿಎಸ್ (ಮಾರುವವರೇ ನಿಮ್ಮ ಪರವಾಗಿ ಕಟ್ಟುವ ಆದಾಯ ತೆರಿಗೆ) ಹಿಡಿಯುತ್ತಾರೆ. ಅದು ಖರ್ಚಲ್ಲ, ಐಟಿ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ಡೀಲರ್ ನಿಮ್ಮ ಪ್ಯಾನ್ ಸಂಖ್ಯೆ ತಪ್ಪಾಗಿ ಹಾಕಿದರೆ ನಿಮ್ಮ ಹೆಸರಿನಲ್ಲಿ ಕಟ್ಟಿದ ತೆರಿಗೆಯ ಪಟ್ಟಿಯಾದ 26ಎಎಸ್‌ನಲ್ಲಿ ಕಾಣಿಸುವುದೇ ಇಲ್ಲ, ಆಮೇಲೆ ಅಲೆದಾಟ.

ರಿಜಿಸ್ಟ್ರೇಷನ್ ಸಾಲು ನೋಡಿ. ಸ್ವಂತ ಬಳಕೆಯ ಕಾರಿಗೆ ನೋಂದಣಿ ಶುಲ್ಕ 600, ಸ್ಮಾರ್ಟ್ ಕಾರ್ಡ್‌ಗೆ 200, ಸಾಲ ಇದ್ದರೆ ಬ್ಯಾಂಕಿನ ಹೆಸರು ಸೇರಿಸಲು 1,500, ಒಟ್ಟು 2,300. ಎರಡನೆಯವರು 900 ಜಾಸ್ತಿ ಹಾಕಿದ್ದಾರೆ, ಓಡಾಟದ ಖರ್ಚು ಅಂದುಕೊಂಡು ಸುಮ್ಮನಿರಬಹುದು. ಮೊದಲನೆಯವರದು 4,200 ಜಾಸ್ತಿ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟಿಗೆ ಅಂತ ಸಮಜಾಯಿಷಿ ಬಂದರೆ ಒಪ್ಪಬೇಡಿ. 2019ರ ಏಪ್ರಿಲ್ 1ರಿಂದ ತಯಾರಾದ ವಾಹನಗಳಿಗೆ ಅದನ್ನು ಕಂಪನಿಯೇ ಕೊಡಬೇಕು. ಹ್ಯಾಂಡ್ಲಿಂಗ್‌ಗಂತೂ ತಲೆಬುಡವಿಲ್ಲ. ಕಾರ್ಖಾನೆಯಿಂದ ಶೋರೂಂವರೆಗಿನ ಸಾಗಣೆ ಎಕ್ಸ್-ಶೋರೂಂ ಬೆಲೆಯೊಳಗೇ ಇದೆ. "ಇದಕ್ಕೆ ಪ್ರತ್ಯೇಕ ಜಿಎಸ್‌ಟಿ ಬಿಲ್ ಕೊಡ್ತೀರಾ?" ಎಂದು ಕೇಳಿ ನೋಡಿ, ಹೆಚ್ಚಿನ ಕಡೆ ಆ ಸಾಲು ಅಲ್ಲೇ ಮಾಯವಾಗುತ್ತದೆ.

ಎಸೆನ್ಷಿಯಲ್ ಕಿಟ್ ಅಂದರೆ ಮ್ಯಾಟ್, ಮಡ್ ಫ್ಲಾಪ್, ಬಾಡಿ ಕವರ್, ಸೀಟ್ ಕವರ್, ಅದರ ಮೇಲೊಂದು ಪೇಂಟ್ ಕೋಟಿಂಗ್. "ಕಿಟ್ ತಗೊಂಡ್ರೆ ಗಾಡಿ ಬೇಗ ಬರುತ್ತೆ" ಅನ್ನುವುದು ಮಾಮೂಲಿ ಡೈಲಾಗ್. ಪಟ್ಟಿ ಬರೆಸಿ, ಬೇಕಾದ ಎರಡು ಮೂರನ್ನಷ್ಟೇ ಬಿಡಿಯಾಗಿ ತಗೊಳ್ಳಿ. ಉಚಿತ ಆಕ್ಸೆಸರಿ ಮತ್ತು ನಗದು ಕಡಿತ ಎರಡರಲ್ಲಿ ಒಂದನ್ನು ಆರಿಸಿ ಅಂದರೆ ನಮ್ಮ ಓಟು ಯಾವಾಗಲೂ ನಗದಿಗೆ. 20,000ದ ಆಕ್ಸೆಸರಿ ಅಂದರೆ ಎಂಆರ್‌ಪಿ ಲೆಕ್ಕದ 20,000. ಅದೇ ಸಾಮಾನು ಬೆಂಗಳೂರಿನ ಆಕ್ಸೆಸರಿ ಅಂಗಡಿಗಳ ಜೆ.ಸಿ. ರಸ್ತೆಯಲ್ಲಿ ಎಷ್ಟಕ್ಕೆ ಬರುತ್ತದೆ ಅಂತ ಒಮ್ಮೆ ವಿಚಾರಿಸಿದವರಿಗೆ ಗೊತ್ತು. ಆದರೆ ಎರಡು ವಿಷಯದಲ್ಲಿ ಹೊರಗಿನ ಅಂಗಡಿಗಿಂತ ಕಂಪನಿಯದೇ ಮೇಲು. ಸೀಟಿನ ಪಕ್ಕದೊಳಗೆ ಏರ್‌ಬ್ಯಾಗ್ ಇರುವ ಕಾರಿಗೆ ಸಾದಾ ಸೀಟ್ ಕವರ್ ಹಾಕಿಸಿದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಅಡ್ಡಿಯಾಗಬಹುದು. ವೈರ್ ಕತ್ತರಿಸಿ ಜೋಡಿಸಿದ ಲೈಟು, ಹಾರ್ನು, ಸ್ಟೀರಿಯೋ ಇದ್ದರೆ ಎಲೆಕ್ಟ್ರಿಕಲ್ ವಾರಂಟಿಗೆ ತಕರಾರು ಖಂಡಿತ.

ಇನ್ನು ಇನ್ಶೂರೆನ್ಸ್. ದೊಡ್ಡ ಮೊತ್ತ ಅಡಗಿರುವುದು ಇಲ್ಲೇ. ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ (ಬೇರೆಯವರಿಗಾದ ಹಾನಿಯ ವಿಮೆ) ಕಡ್ಡಾಯ. ಅದರ ದರ ಎಲ್ಲ ಕಂಪನಿಯಲ್ಲೂ ಒಂದೇ: 1,000 ಸಿಸಿವರೆಗೆ 6,521, 1,500ರವರೆಗೆ 10,640, ಅದರ ಮೇಲೆ 24,596, ಜಿಎಸ್‌ಟಿ ಬೇರೆ. ಹೆಚ್ಚುಕಡಿಮೆ ಆಗುವುದು 1 ವರ್ಷದ ಓನ್ ಡ್ಯಾಮೇಜ್ (ನಿಮ್ಮ ಕಾರಿಗಾದ ಹಾನಿಯ ವಿಮೆ) ಮತ್ತು ಆಡ್-ಆನ್‌ಗಳಲ್ಲಿ. ಹೋಲಿಸುವಾಗ ಐಡಿವಿ, ಅಂದರೆ ವಿಮೆಗೆ ಕಟ್ಟುವ ಕಾರಿನ ಬೆಲೆ, ಎರಡೂ ಕಡೆ ಒಂದೇ ಇರಬೇಕು. ಹೊಸ ಕಾರಿಗೆ ಅದು ಸಾಮಾನ್ಯವಾಗಿ ಎಕ್ಸ್-ಶೋರೂಂನ ಶೇ. 95, ಈ ಕಾರಿಗೆ 8,55,000. ಐಡಿವಿ ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವುದು ಸುಲಭ. ಝೀರೋ ಡೆಪ್ (ಸವಕಳಿ ಕಳೆಯದೆ ಕ್ಲೇಮ್), ಎಂಜಿನ್ ಪ್ರೊಟೆಕ್ಟ್ (ನೀರು ನುಗ್ಗಿ ಎಂಜಿನ್ ಕೆಟ್ಟರೆ), ರಿಟರ್ನ್ ಟು ಇನ್‌ವಾಯ್ಸ್ (ಕಾರು ಕಳುವಾದರೆ, ಪೂರ್ತಿ ಹಾಳಾದರೆ ಬಿಲ್ಲಿನ ಬೆಲೆ) ಎರಡರಲ್ಲೂ ಇವೆಯೇ ಎಂದು ಒಂದೊಂದಾಗಿ ಟಿಕ್ ಹಾಕಿ. ಪ್ರತಿ ಮಳೆಗಾಲ ಬೆಂಗಳೂರಿನ ಅಂಡರ್‌ಪಾಸ್‌ಗಳ ಗತಿ ನೋಡಿದವರು ಎಂಜಿನ್ ಪ್ರೊಟೆಕ್ಟ್ ಬಿಡಬಾರದು.

ಹೊರಗಿನ ಕೋಟ್ ಹಿಡಿದು ಶೋರೂಂಗೆ ಹೋದರೆ ಎರಡರಲ್ಲಿ ಒಂದಾಗುತ್ತದೆ: ಅವರು ಅದೇ ಬೆಲೆಗೆ ಇಳಿಯುತ್ತಾರೆ, ಇಲ್ಲವೇ "ಹೊರಗೆ ಮಾಡಿಸಿದ್ರೆ ಡಿಸ್ಕೌಂಟ್ ಇಲ್ಲ" ಅನ್ನುತ್ತಾರೆ. ಎರಡನೆಯದಾದರೆ ಕೋಪ ಬೇಡ, ಮತ್ತೆ ಒಟ್ಟು ಮೊತ್ತ ಬರೆಸಿ ಕೂಡಿಸಿ. ಕ್ಯಾಶ್‌ಲೆಸ್ ಸಿಗಲ್ಲ ಅನ್ನುವ ಹೆದರಿಕೆಗೆ ಮದ್ದು, ಆ ವಿಮಾ ಕಂಪನಿಯ ಗ್ಯಾರೇಜ್ ಪಟ್ಟಿಯಲ್ಲಿ ನಿಮ್ಮ ಸರ್ವಿಸ್ ಸೆಂಟರ್ ಇದೆಯೇ ಎಂದು ನೋಡುವುದು. ಹೊರಗೆ ಮಾಡಿಸಲು ಚಾಸಿ, ಎಂಜಿನ್ ನಂಬರ್ ಬೇಕು, ಅಂದರೆ ಗಾಡಿ ನಿಮ್ಮ ಹೆಸರಿಗೆ ಅಲಾಟ್ ಆಗಿರಬೇಕು. ಅದಕ್ಕೇ ಈ ಮಾತು ಬುಕಿಂಗ್ ಮುಂಚೆಯೇ ಮುಗಿದಿರಲಿ. ಹಳೇ ಕಾರು ಮಾರುವವರು ಅದರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಓನ್ ಡ್ಯಾಮೇಜ್‌ನಲ್ಲಿ ಸಿಗುವ ಕಡಿತ) ಪತ್ರ ತೆಗೆದಿಟ್ಟುಕೊಳ್ಳಬೇಕು. ಓನ್ ಡ್ಯಾಮೇಜ್ 14,000 ಇದ್ದು ಬೋನಸ್ ಶೇ. 50 ಇದ್ದರೆ 7,000, ಜಿಎಸ್‌ಟಿ ಸೇರಿ 8,260 ಉಳಿತಾಯ. ಶೋರೂಂನವರು ಇದನ್ನು ತಾವಾಗಿ ಕೇಳುವುದು ಅಪರೂಪ.

ಎಕ್ಸ್‌ಚೇಂಜ್‌ನಲ್ಲೂ ಇದೇ ಆಟ. ಬೋನಸ್ 30,000 ಅಂತ ದೊಡ್ಡಕ್ಷರದಲ್ಲಿ ಹಾಕಿ, ಹಳೇ ಗಾಡಿಗೆ ಹೊರಗಿಗಿಂತ 40,000 ಕಡಿಮೆ ಕಟ್ಟುತ್ತಾರೆ. ಹೊರಗೆ ಮಾರಿ, ಹೆಸರು ಬದಲಾದ ಆರ್‌ಸಿ ಪ್ರತಿ ಕೊಟ್ಟರೆ ಬೋನಸ್ ಕೊಡುತ್ತೀರಾ ಎಂದು ಕೇಳಿ, ಹಲವರು ಒಪ್ಪುತ್ತಾರೆ. ಹೊರಗೆ ಮಾರುವುದಾದರೆ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿ ಕೈತೊಳೆದುಕೊಳ್ಳಬೇಡಿ, ಆರ್‌ಸಿ ಬದಲಾಗುವ ತನಕ ಬೆನ್ನು ಬಿಡಬೇಡಿ.

ಸಾಲದಲ್ಲಿ ಶೋರೂಂ ಬ್ಯಾಂಕಿಗೂ ನಿಮ್ಮ ಬ್ಯಾಂಕಿಗೂ ಅರ್ಧ ಪರ್ಸೆಂಟ್ ವ್ಯತ್ಯಾಸ ಅಂದರೆ ಇಷ್ಟು: 8 ಲಕ್ಷ, 5 ವರ್ಷ, ಶೇ. 9ಕ್ಕೆ ಕಂತು 16,607, ಶೇ. 9.5ಕ್ಕೆ 16,801. ಒಟ್ಟು ಹತ್ತಿರಹತ್ತಿರ 11,700. "ಫ್ಲಾಟ್ 5 ಪರ್ಸೆಂಟ್" (ಕಂತು ಕಟ್ಟುತ್ತ ಹೋದರೂ ಪೂರ್ತಿ ಸಾಲದ ಮೇಲೇ ಬಡ್ಡಿ) ಅಂದರೆ ಅಗ್ಗವಲ್ಲ, ಅದರ ಕಂತು 16,667, ನಿಜವಾದ ದರ ಸುಮಾರು ಶೇ. 9.15.

ಯಾವಾಗ ಹೋಗಬೇಕು? ಆಯುಧಪೂಜೆಗೆ ಗಾಡಿ ಬೇಕೇಬೇಕು ಅಂದವರಿಗೆ ಚೌಕಾಸಿ ಇಲ್ಲ, ಸರತಿ ಮಾತ್ರ. ಆಷಾಢದಲ್ಲಿ ನಮ್ಮ ಜನ ವಾಹನ ಕೊಳ್ಳುವುದಿಲ್ಲ, ಶೋರೂಂ ಖಾಲಿ, ಸೇಲ್ಸ್‌ನವರಿಗೆ ತಿಂಗಳ ಟಾರ್ಗೆಟ್ ಮಾತ್ರ ಹಾಗೇ ಇರುತ್ತದೆ. ಆಷಾಢದ ಬೆಲೆಗೆ ಬುಕ್ ಮಾಡಿ ಶ್ರಾವಣದಲ್ಲಿ ತರುತ್ತೇನೆ ಅನ್ನುವವರು ಒಂದು ವಿಷಯ ಗಮನಿಸಬೇಕು: ಆಫರ್ ಸಾಮಾನ್ಯವಾಗಿ ಬಿಲ್ಲಿನ ದಿನಾಂಕಕ್ಕೆ ಅಂಟಿಕೊಂಡಿರುತ್ತದೆ, ಬುಕಿಂಗ್ ದಿನಾಂಕಕ್ಕಲ್ಲ. ಬಿಲ್ಲು ಆಷಾಢದಲ್ಲೇ ಆಗಬೇಕು. ಡಿಸೆಂಬರ್ ಕೊನೆ, ಧನುರ್ಮಾಸ ಇನ್ನೂ ಅಗ್ಗ, ಆದರೆ ಆರ್‌ಸಿಯಲ್ಲಿ ತಯಾರಿಯ ವರ್ಷ ಹಳೆಯದು. ಹತ್ತು ವರ್ಷ ಓಡಿಸುವವರಿಗೆ ಚಿಂತೆಯಿಲ್ಲ. ನಾಲ್ಕೇ ವರ್ಷಕ್ಕೆ ಮಾರುವವರು ಶೇ. 5ಕ್ಕಿಂತ ಕಡಿಮೆ ಕಡಿತಕ್ಕೆ ಒಪ್ಪಬಾರದು ಅನ್ನುವುದು ನಮ್ಮ ಅಭಿಪ್ರಾಯ. ವಿಐಎನ್‌ನ (ಚಾಸಿ ನಂಬರಿನ) ಹತ್ತನೇ ಅಕ್ಷರ ಸಾಮಾನ್ಯವಾಗಿ ವರ್ಷ ಹೇಳುತ್ತದೆ: ಆರ್ ಇದ್ದರೆ 2024, ಎಸ್ ಇದ್ದರೆ 2025, ಟಿ ಇದ್ದರೆ 2026. ಇದನ್ನು, ಟೈರಿನ ಮೇಲಿನ ವಾರ-ವರ್ಷದ ನಾಲ್ಕು ಅಂಕಿಯನ್ನು, ಓಡೋಮೀಟರನ್ನು ನೋಂದಣಿಗೆ ಮೊದಲೇ ಯಾರ್ಡ್‌ಗೆ ಹೋಗಿ ನೋಡಿ. ನಂಬರ್ ಬಿದ್ದ ಮೇಲೆ ಗಾಡಿ ನಿಮ್ಮದು, ಗೀರು ಕಂಡರೂ ನಿಮ್ಮದೇ.

ಡೆಲಿವರಿ ದಿನ ಹಾರ, ಕೇಕು, ಫೋಟೋ ಗದ್ದಲದಲ್ಲಿ ಕೊನೆಯ ಹಾಳೆ ಕೇಳಲು ಮರೆಯುತ್ತೇವೆ: ಡೀಲರ್ ಬಳಿ ಇರುವ ನಿಮ್ಮ ಖಾತೆಯ ಲೆಡ್ಜರ್. ತೆರಿಗೆ ರಸೀದಿ, ಪಾಲಿಸಿ, ಇನ್‌ವಾಯ್ಸ್ ಮೂರನ್ನೂ ಅದರ ಪಕ್ಕ ಇಟ್ಟು ಕೂಡಿಸಿದರೆ ಅಂದಾಜಿಗೆ ಕಟ್ಟಿಸಿಕೊಂಡ ಹೆಚ್ಚುವರಿ ದುಡ್ಡು ಅಲ್ಲೇ ನಿಂತಿರುವುದು ಕಾಣುತ್ತದೆ. ಕೇಳಿದವರ ಖಾತೆಗೆ ಅದು ವಾಪಸ್ ಬರುತ್ತದೆ.