1.67 ತೆಳು ಗ್ಲಾಸ್: ಮೂಗಿಗೆ ಸುಖ, ಅಂಚಲ್ಲಿ ಬಣ್ಣದ ಕಾಟ

ನನ್ನ ಪವರ್ ಮೈನಸ್ 8. ತುಮಕೂರಿನ ಒಂದು ಅಂಗಡಿಯಲ್ಲಿ ಕನ್ನಡಕಕ್ಕೆ 1.67 ಹೈ ಇಂಡೆಕ್ಸ್ ಗ್ಲಾಸ್ (ಬೆಳಕನ್ನು ಜಾಸ್ತಿ ಬಗ್ಗಿಸೋದು, ಈ ನಂಬರ್ ಏರಿದಷ್ಟೂ ಗ್ಲಾಸ್ ತೆಳು) ಹಾಕಿಸಿ ವರ್ಷ ದಾಟಿತು. ತೆಳು, ಹಗುರ, ಮೂಗಿನ ಮೇಲೆ ಕಾಯಂ ಆಗಿದ್ದ ಕೆಂಪು ಗುಳಿ ಮಾಯ. ಅದೆಲ್ಲ ನಿಮಗೂ ಗೊತ್ತು, ಬಿಡಿ.

ಯಾರೂ ಹೇಳದೇ ಇರೋದು ಬಣ್ಣದ ವಿಷಯ. ನೇರ ನೋಡಿದರೆ ಏನೂ ತೊಂದರೆಯಿಲ್ಲ. ತಲೆ ತಿರುಗಿಸದೆ ಬರೀ ಕಣ್ಣು ಹೊರಳಿಸಿ ಬಸ್ಸಿನ ಬೋರ್ಡ್ ಓದಿ, ಬಿಳಿ ಅಕ್ಷರದ ಒಂದು ಬದಿಗೆ ನೀಲಿ ಗೆರೆ, ಇನ್ನೊಂದು ಬದಿಗೆ ಹಳದಿ. ಇದನ್ನು ಅಳೆಯೋಕೆ ಆಬೆ ನಂಬರ್ ಅಂತ ಒಂದಿದೆ. ಅದು ಕಮ್ಮಿಯಾದಷ್ಟೂ ಬಣ್ಣ ಒಡೆಯೋದು ಜಾಸ್ತಿ. ಮಾಮೂಲಿ ಪ್ಲಾಸ್ಟಿಕ್ ಗ್ಲಾಸಿಗೆ ಸುಮಾರು 58, ಇದಕ್ಕೆ ಬರೀ 32. ದುಪ್ಪಟ್ಟು ದುಡ್ಡು ಕೊಟ್ಟು ಕಮ್ಮಿ ನಂಬರ್ ತಗೊಂಡು ಬಂದ ಹಾಗಾಯ್ತು, ಅಂಗಡಿಯವರು ಈ ಮಾತು ಎತ್ತಲೇ ಇಲ್ಲ.

ರಾತ್ರಿ ಹೆದ್ದಾರಿಯಲ್ಲಿ ಹೆಡ್‌ಲೈಟ್ ಸುತ್ತ ಕಾಣೋ ಬಳೆಯನ್ನೂ ಇದರ ತಲೆಗೇ ಕಟ್ಟುವಂತಿಲ್ಲ. ಕತ್ತಲಲ್ಲಿ ಪಾಪೆ ಅಗಲವಾಗುತ್ತದೆ, ಪಾಪೆಯ ಅಂಚಿನಿಂದ ಬಂದ ಬೆಳಕು ನಡುವಿನದರ ಜೊತೆ ಒಂದೇ ಕಡೆ ಸೇರುವುದಿಲ್ಲ. ಕನ್ನಡಕ ಸರಿ ಮಾಡೋದು ಪವರ್ ಮತ್ತು ಸಿಲಿಂಡರ್ (ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದಕ್ಕೆ ಕಮ್ಮಿ ಇರೋ ಪವರ್) ಮಾತ್ರ, ಕಣ್ಣಿನ ಈ ಸಣ್ಣ ಡೊಂಕುಗಳನ್ನಲ್ಲ. ಅಷ್ಟಕ್ಕೂ ಈ ಮೈನಸ್ ಪವರ್ ಬಂದದ್ದು, ಕಣ್ಣುಗುಡ್ಡೆ ಮಾಮೂಲಿಗಿಂತ ಹೆಚ್ಚುಕಮ್ಮಿ 3 ಮಿಲಿಮೀಟರ್ ಉದ್ದ ಬೆಳೆದದ್ದಕ್ಕೆ ಇಷ್ಟೆಲ್ಲ ಖರ್ಚು!

ದಿನಾ ಬೆಳಿಗ್ಗೆ ನಲ್ಲಿ ನೀರಲ್ಲಿ ಧೂಳು ಹೋಗೋ ತನಕ ಹಿಡಿದು, ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಹನಿ ಹಾಕಿ, ಬೆರಳ ತುದಿಯಲ್ಲಿ ಮೆಲ್ಲಗೆ ತಿಕ್ಕಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸುತ್ತೇನೆ. ಅಂಗಿ ತುದಿಯಲ್ಲಿ ಒರೆಸೋ ಚಟ ಪೂರ್ತಿ ಬಿಟ್ಟಿದ್ದೇನೆ, ಇಷ್ಟು ದಿನವಾದರೂ ಒಂದೂ ಗೀರಿಲ್ಲ. ಕೋಟಿಂಗಿಗೆ ಪೂರ್ತಿ ಮಾರ್ಕು. ಭಾನುವಾರ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಂದೆ ಕೂತರೆ ಹಬೆಗೆ ಮಂಜಾಗುತ್ತದೆ, ತೆಗೆದಿಡಲೇಬೇಕು. ಮೈನಸ್ ಗ್ಲಾಸಲ್ಲಿ ಎಲ್ಲವೂ ಒಂದು ಸುತ್ತು ಚಿಕ್ಕದು ನೋಡಿ, ತೆಗೆದ ತಕ್ಷಣ ಇಡ್ಲಿ ದೊಡ್ಡದಾಗುತ್ತದೆ! ಮಸುಕಾದರೇನು, ಲಾಭವೇ ಅಲ್ವಾ.

ಬರಿಗಣ್ಣಿನ ಇನ್ನೊಂದು ಸುಖವೂ ಇದೆ. 12-13 ಸೆಂಟಿಮೀಟರ್ ಹತ್ತಿರ ತಂದರೆ ಅಮ್ಮನ ಮಾತ್ರೆ ಹಾಳೆಯ ಮೇಲಿನ ತಾರೀಖು ನನ್ನಷ್ಟು ಚೂಪಾಗಿ ಮನೆಯಲ್ಲಿ ಯಾರಿಗೂ ಕಾಣಲ್ಲ. ಸೂಜಿಗೆ ದಾರ ಪೋಣಿಸೋದೂ ನನ್ನ ಪಾಲಿಗೇ.

ಬಣ್ಣಕ್ಕೆ ಈಗ ಅರ್ಧ ಒಗ್ಗಿಹೋಗಿದ್ದೇನೆ, ಕಣ್ಣಿನ ಬದಲು ಕತ್ತು ತಿರುಗಿಸುತ್ತೇನೆ. ಆದರೂ ಮತ್ತೆ 1.67 ತಗೊಳ್ಳಲ್ಲ. 1.74 ಇನ್ನೂ ದುಬಾರಿ, ಆಬೆ ಅಲ್ಲೂ 33ರ ಹತ್ತಿರವೇ. ಮುಂದಿನ ಸಲ 1.60, ಅದಕ್ಕೆ 41ರ ಸುಮಾರು ಸಿಗುತ್ತದೆ. ಜೊತೆಗೆ ಚಿಕ್ಕ ದುಂಡು ಫ್ರೇಮ್, ಅಂಚಿನ ದಪ್ಪ ಅಲ್ಲೇ ಕತ್ತರಿಸಿಹೋಗುತ್ತದೆ. ಐದಕ್ಕೆ ಮೂರು.